ಏಳಡಿ ಗ್ರಾಫೈಟ್ ರಾಡ್: ಭೀಮಾ–ಕಾಗಿಣಾ ದಂಡೆಯಲ್ಲಿ ಬಳಸಿ ನೋಡಿದ ಮೇಲೆ

ರಾಡಿನ ವಿವರ ಮೊದಲು. ಏಳು ಅಡಿ, ಎರಡು ತುಂಡು, ಮೀನಿಗೆ ಗಾಳ ಹಾಕುವ ಮೀಡಿಯಂ ಪವರ್ ಸ್ಪಿನ್ನಿಂಗ್ ರಾಡ್. ಹಿಡಿಯ ಮೇಲ್ಗಡೆ ಬರೆದಿರುವುದು: 24 ಟನ್ ಕಾರ್ಬನ್ (ಟನ್ ಅಂದರೆ ಎಳೆಯ ಬಿಗಿತದ ಅಳತೆ, ಗ್ರಾಫೈಟ್ ಅಂದರೂ ಈ ಕಾರ್ಬನ್ನೇ), ಲ್ಯೂರ್ ಅಂದರೆ ನಕಲಿ ಎರೆ 7–28 ಗ್ರಾಂ, ಲೈನಿನ ತಾಳಿಕೆ 8–14 ಪೌಂಡ್. ಜೊತೆಗೆ 2500 ಸೈಜಿನ ರೀಲು. ಐದಕ್ಕೆ ನಾಲ್ಕು ಅಂಕ ಕೊಡಬಹುದು. ಬಿದಿರು ಇಲ್ಲವೇ ದಪ್ಪ ಫೈಬರ್‌ಗ್ಲಾಸ್ ಕೋಲು ಬಿಟ್ಟು ಮೊದಲ ಸಲ ಗ್ರಾಫೈಟ್ ಕೊಳ್ಳುವವರಿಗೆ ಒಂದು ಮಾತು: ಈ ರಾಡನ್ನು ಮೀನು ಮುರಿಯುವುದು ಅಪರೂಪ. ಮುರಿಯುವವರು ನಾವೇ, ಅದೂ ದಂಡೆಯ ಮೇಲೆ.

ಹಗುರ ಅನ್ನುವುದು ಕೈಗೆ ತಕ್ಷಣ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಬಿಗಿತನದ್ದು. ಸಾಧಾರಣ ಕಾರ್ಬನ್ ಎಳೆಯ ಬಿಗಿತ ಗಾಜಿನ ಎಳೆಯ ಸುಮಾರು ಮೂರು ಪಟ್ಟು, ತೂಕ ಮಾತ್ರ ಕಡಿಮೆ. ಹೀಗಾಗಿ ಕೋಲು ಸಣ್ಣಗಿದ್ದರೂ ಬಳುಕಿ ನಿಲ್ಲುವುದಿಲ್ಲ, ಎಸೆದ ಕೂಡಲೇ ನೆಟ್ಟಗಾಗುತ್ತದೆ. ಬೆಣ್ಣೆತೊರಾ ಜಲಾಶಯದಲ್ಲಿ ರೋಹು ಹಿಟ್ಟನ್ನು ಬಾಯಲ್ಲಿ ಹೀರಿ ಉಗುಳುವ ಸಣ್ಣ ‘ಟಕ್’ ಗಾಜಿನ ಕೋಲಿನಲ್ಲಿ ಅರ್ಧ ದಾರಿಗೇ ಸತ್ತುಹೋಗುತ್ತದೆ. ಇದರಲ್ಲಿ ಬೆರಳಿಗೆ ಬಂದು ಮುಟ್ಟುತ್ತದೆ. ಅಮೆರಿಕದ ಫೆನ್‌ವಿಕ್ ಕಂಪನಿ 1973ರಲ್ಲಿ ಗ್ರಾಫೈಟ್ ರಾಡ್ ಮಾರುಕಟ್ಟೆಗೆ ಬಿಟ್ಟಾಗಿನಿಂದ ಜನ ಇದಕ್ಕೆ ಮರುಳಾಗಿರುವುದು ಈ ಸ್ಪರ್ಶಕ್ಕೇ.

ಇದಕ್ಕೆ ತೆರುವ ಬೆಲೆಯೂ ಎಳೆಯಲ್ಲೇ ಇದೆ. ಗಾಜಿನ ಎಳೆ ತುಂಡಾಗುವ ಮೊದಲು ನೂರಕ್ಕೆ ನಾಲ್ಕು ಭಾಗದಷ್ಟು ಹಿಗ್ಗುತ್ತದೆ, ಕಾರ್ಬನ್ ಎರಡು ಭಾಗವೂ ಹಿಗ್ಗುವುದಿಲ್ಲ. ಬಾಗುವಷ್ಟು ಬಾಗಿ, ಮುನ್ಸೂಚನೆ ಕೊಡದೆ ಫಟ್ಟನೆ ಹೋಗುತ್ತದೆ. 24 ಟನ್ ಇದ್ದದ್ದರಲ್ಲಿ ತಾಳ್ಮೆಯದ್ದು. 36, 40 ಟನ್ ಅಂತ ದುಡ್ಡು ಹೆಚ್ಚು ಕೊಟ್ಟು ತಂದರೆ ಇನ್ನೂ ನಾಜೂಕು. ಮೊದಲ ರಾಡಿಗೆ ಬೇಡ.

ನಮ್ಮ ಕಲಬುರಗಿ ಕಡೆಯ ಮೊದಲ ಶತ್ರು ಪರ್ಸಿ ಕಲ್ಲು. ಕಾಗಿಣಾ ದಂಡೆಯಲ್ಲಿ, ಶಹಾಬಾದ್ ಚಿತ್ತಾಪುರ ಸುತ್ತಲಿನ ಹಳ್ಳಗಳಲ್ಲಿ ಕೂರುವ ಜಾಗವೆಲ್ಲ ಪದರ ಪದರದ ಚಪ್ಪಡಿ, ಅಂಚು ಚಾಕುವಿನಷ್ಟು ಚೂಪು. ರಾಡನ್ನು ಅದಕ್ಕೆ ಒರಗಿಸಿಟ್ಟಾಗ ಗಾಳಿಗೆ ಜಾರಿ ಬಿದ್ದರೆ ಏನೂ ಆಗಿಲ್ಲ ಅನಿಸುತ್ತದೆ. ಆದರೆ ಬ್ಲ್ಯಾಂಕ್ ಅಂದರೆ ಒಳಗೆ ಟೊಳ್ಳಿರುವ ತೆಳು ಗೋಡೆಯ ಕೊಳವೆ. ಕೂದಲೆಳೆಯಷ್ಟು ಗೀರು ಬಿದ್ದ ಜಾಗದಲ್ಲಿ ಎಳೆಗಳು ಕಡಿದಿರುತ್ತವೆ, ತಿಂಗಳಾದ ಮೇಲೆ ಒಂದು ಕಿಲೋ ಮೀನಿಗೆ ಅಲ್ಲೇ ಮುರಿಯುತ್ತದೆ. ಆಗ ಎಲ್ಲರೂ ಕಂಪನಿಗೆ ಬೈಯುತ್ತಾರೆ. ಮನೆಗೆ ಬಂದ ಮೇಲೆ ಒಣಬಟ್ಟೆಯಲ್ಲಿ ಒರೆಸುತ್ತಾ ಉಗುರನ್ನು ಉದ್ದಕ್ಕೂ ಎಳೆದು ನೋಡಿ. ಉಗುರು ಸಿಕ್ಕಿಕೊಂಡ ಕಡೆ ಗುರುತು ಹಾಕಿ, ಆ ರಾಡಿನಲ್ಲಿ ಭಾರದ ಕೆಲಸ ನಿಲ್ಲಿಸಿ. ದಂಡೆಯಲ್ಲಿ ಕಬ್ಬಿಣದ ಎರಡು ಕವೆಗೂಟ ನೆಟ್ಟು, ಕವೆಗೆ ಸೈಕಲ್ ಟ್ಯೂಬು ಸುತ್ತಿದರೆ ಈ ಗೋಳೇ ಇಲ್ಲ.

ಎರಡನೆಯದು ಹಿಟ್ಟಿನ ಉಂಡೆ. ಕಟ್ಲಾಕ್ಕೆ ಜೋಳದ ಹಿಟ್ಟು, ಹಿಂಡಿ ಕಲಸಿ ಸ್ಪ್ರಿಂಗ್ ಫೀಡರಿಗೆ ಮೆತ್ತಿ ಎಸೆಯುವುದು ಇಲ್ಲಿನ ರೂಢಿ. ಹಿಟ್ಟು, ಸೀಸ, ಸ್ಪ್ರಿಂಗ್ ಸೇರಿ ತಕ್ಕಡಿಗೆ ಹಾಕಿದರೆ 70–80 ಗ್ರಾಂ ದಾಟುತ್ತದೆ. 28 ಗ್ರಾಂ ಬರೆದ ರಾಡಿನಲ್ಲಿ ಅದನ್ನು ಬೀಸಿ ಒಗೆದರೆ ಎಸೆತದ ನಡುವೆಯೇ ಮೇಲಿನ ತುಂಡು ಕೈಕೊಡುತ್ತದೆ. ಉಂಡೆ ಆಟಕ್ಕೆ ಎಂಟೊಂಬತ್ತು ಅಡಿಯ ಗಾಜಿನ ಕೋಲೇ ಸರಿ. ಗ್ರಾಫೈಟಿಗೆ ಕೊಡಬೇಕಾದ ಕೆಲಸ ಬೇರೆ: ಕೊರಮೀನಿಗೆ 10–15 ಗ್ರಾಮಿನ ರಬ್ಬರ್ ಕಪ್ಪೆ, ಬಾಳೆ ಮೀನಿಗೆ ಚಮಚದಾಕಾರದ ಲ್ಯೂರ್, ಸಣ್ಣ ಫ್ಲೋಟಿಗೆ ಎರೆಹುಳು. ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟು ಭೀಮಾ ಕೆಂಪಾಗಿ ಹರಿಯುವಾಗ ಲ್ಯೂರ್ ಎಸೆದು ಪ್ರಯೋಜನವಿಲ್ಲ. ನೀರು ತಿಳಿಯಾದ ಮೇಲೆ, ದಸರಾ ಕಳೆದು ಸೊನ್ನ ಬ್ಯಾರೇಜಿನ ಹಿನ್ನೀರಿನಲ್ಲಿ, ಈ ರಾಡಿನ ಮಜಾ ಇದೆ.

ಡ್ರ್ಯಾಗ್ ಅಂದರೆ ರೀಲಿನ ಬ್ರೇಕು, ಅದನ್ನು ಕೈಯಂದಾಜಿನಲ್ಲಿ ಬಿಗಿಯಬೇಡಿ. 10 ಪೌಂಡಿನ ಲೈನಿಗೆ ಒಂದೂಕಾಲು ಕಿಲೋದ ಸುಮಾರಿಗೆ ರೀಲು ಬಿಟ್ಟುಕೊಡಬೇಕು. ಲೈನಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ ತಿಳಿಯುತ್ತದೆ. ಬ್ರೇಡ್, ಅಂದರೆ ಹೆಣೆದ ಲೈನು ಹಾಕಿದ್ದರೆ ಇನ್ನೂ ಎಚ್ಚರ. ಅದು ಹಿಗ್ಗುವುದಿಲ್ಲ, ಏಟೆಲ್ಲ ರಾಡಿನ ತುದಿಗೇ. ಮೀನು ಕಾಲ ಬಳಿ ಬಂದಾಗ ರಾಡನ್ನು ತಲೆಯ ಹಿಂದಕ್ಕೆ ಎತ್ತಬೇಡಿ, ಬಾಗು ಪೂರ್ತಿ ಸಣ್ಣ ತುದಿಗೆ ಹೋಗಿ ಅಲ್ಲೇ ಮುರಿಯುತ್ತದೆ. ರಾಡು ತಗ್ಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಕೈಬಲೆ ಒಡ್ಡಿ. ಜಾಲಿ ಬೇರಿಗೆ ಕೊಕ್ಕೆ ಸಿಕ್ಕರೆ ರಾಡನ್ನು ಅದರ ನೇರಕ್ಕೆ ಹಿಡಿದು, ಲೈನನ್ನು ಒಂದು ಕಟ್ಟಿಗೆಗೆ ಸುತ್ತಿ ಎಳೆಯಿರಿ.

ಜೋಡಣೆಯ ಜಾಗಕ್ಕೆ ಎಣ್ಣೆ ಬೇಡ. ಒಳಹೋಗುವ ತುಂಡಿಗೆ ಮೇಣದಬತ್ತಿ ತೆಳ್ಳಗೆ ಉಜ್ಜಿ, ಲೈನು ಹಾಯುವ ರಿಂಗುಗಳನ್ನು ಕಾಲು ಸುತ್ತು ಓರೆ ಹಿಡಿದು ಒತ್ತಿ, ತಿರುಗಿಸಿ ಸಾಲಿಗೆ ತನ್ನಿ. ಎಸೆತದ ನಡುನಡುವೆ ಸಡಿಲಾಗಿದೆಯೇ ನೋಡುತ್ತಿರಿ. ಸಡಿಲು ಜೋಡಣೆ ಹೊರತುಂಡಿನ ಬಾಯನ್ನು ಸೀಳುತ್ತದೆ. ಎರೆಮಣ್ಣಿನ ಧೂಳು ಅಲ್ಲಿ ಕೂತರೆ ಅರದ ಕೆಲಸ ಮಾಡುತ್ತದೆ. ರಿಂಗುಗಳ ಒಳಗೆ ಚಿಟಿಕೆ ಹತ್ತಿ ತಿರುಗಿಸಿ. ಎಳೆ ಸಿಕ್ಕಿಕೊಂಡರೆ ಸೆರಾಮಿಕ್ ಬಿರುಕು ಬಿಟ್ಟಿದೆ ಅಂತ ಅರ್ಥ, ಮುಂದಿನ ದೊಡ್ಡ ಮೀನಿಗೆ ಲೈನು ಕಡಿಯುವುದು ಖರೆ.

ಒಂದು ಮಾತು ಜೀವಕ್ಕೆ ಸಂಬಂಧಿಸಿದ್ದು. ಕಾರ್ಬನ್ ವಿದ್ಯುತ್ ಹರಿಸುತ್ತದೆ. ಹೊಳೆ ದಂಡೆಯುದ್ದಕ್ಕೂ ಪಂಪ್‌ಸೆಟ್ಟಿಗೆ ಎಳೆದ ತಂತಿಗಳು ಜೋತುಬಿದ್ದಿರುತ್ತವೆ. ಅವುಗಳ ಕೆಳಗೆ ಎಸೆಯಬೇಡಿ, ಜೋಡಿಸಿದ ರಾಡನ್ನು ನೆಟ್ಟಗೆ ಹೊತ್ತು ದಾಟಲೂ ಬೇಡಿ. ರೋಹಿಣಿ ಮಳೆಯ ಗುಡುಗು ಕೇಳಿದರೆ ರಾಡು ನೆಲಕ್ಕಿಟ್ಟು ದೂರ ಹೋಗಿ.

ಬಿಸಿಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಗಾಜು ಮುಚ್ಚಿದ ಕಾರಿನಲ್ಲಿ ಬಿಟ್ಟರೆ ತುದಿ ರಿಂಗಿನ ಅಂಟು ಮೆತ್ತಗಾಗುತ್ತದೆ, ಅಷ್ಟೆ. ಬಸ್ಸಿನಲ್ಲಿ ಒಯ್ಯಲು ಮೂರು ಇಂಚಿನ ಪಿವಿಸಿ ಪೈಪು, ಮೂರು ಮುಕ್ಕಾಲು ಅಡಿ, ಎರಡೂ ಕಡೆ ಮುಚ್ಚಳ. ಒಳಗೆ ಹಳೆ ಟವೆಲ್ಲು ತುರುಕಿದರೆ ಕುಲುಕಾಟಕ್ಕೂ ಅಂಜಬೇಕಿಲ್ಲ.

ತುದಿಯ ಮೂರು–ನಾಲ್ಕು ಇಂಚು ಮುರಿದರೆ ರಾಡು ಎಸೆಯಬೇಡಿ. ಇಕ್ಕಳದಲ್ಲಿ ಕತ್ತರಿಸಿದರೆ ಎಳೆ ನಜ್ಜುಗುಜ್ಜಾಗುತ್ತದೆ. ಸಣ್ಣ ಅರದಿಂದ ನೀರು ಹಚ್ಚುತ್ತಾ ಸಮ ಮಾಡಿ, ಆ ಕಪ್ಪು ಪುಡಿ ಉಸಿರಿಗೆ ಹೋಗದಿರಲಿ. ತುದಿಯ ವ್ಯಾಸ ಅಳೆದು ಅದೇ ಅಳತೆಯ ತುದಿ ರಿಂಗ್ ತನ್ನಿ. ಗ್ಲೂ ಗನ್ ಕಡ್ಡಿಯನ್ನು ಲೈಟರಿಗೆ ಹಿಡಿದು ಕರಗಿಸಿ ಸವರಿ, ರಿಂಗಿನ ಲೋಹವನ್ನಷ್ಟೇ ಬಿಸಿ ಮಾಡಿ ತೂರಿಸಿ, ಕೆಳಗಿನ ರಿಂಗುಗಳ ಸಾಲಿಗೆ ತಿರುಗಿಸಿ ಬಿಡಿ. ಬೆಂಕಿ ನೇರ ಬ್ಲ್ಯಾಂಕಿಗೆ ತಾಗಿದರೆ ರಾಳ ಸುಟ್ಟು ಅಲ್ಲಿಂದಲೇ ಮತ್ತೆ ಮುರಿಯುತ್ತದೆ. ರಾಡು ಸ್ವಲ್ಪ ಗಡುಸಾದರೂ ಕಪ್ಪೆ ಎಸೆಯಲು ಅದೇ ಇನ್ನೂ ಚೆನ್ನ.