ಮೌಂಟ್ ಬೋರ್ಡ್ ಕೊಯ್ಯಲು ಯಾವುದು ಮೇಲು: ಹಳಿಯಿರುವ ಕಟರೋ, ಹಳಿಯಿಲ್ಲದ್ದೋ, ಫ್ರೇಮ್ ಅಂಗಡಿಯೋ?

ಚಿತ್ರದ ಸುತ್ತ ಕಟ್ಟಿನೊಳಗೆ ಕೂರಿಸುವ, ಚಿತ್ರ ಕಾಣಲು ನಡುವೆ ಕಿಂಡಿ ಕೊಯ್ದ ದಪ್ಪ ರಟ್ಟೇ ಮೌಂಟ್ ಬೋರ್ಡ್. ಜಲವರ್ಣ ಚಿತ್ರಗಳಿಗೆ ಮನೆಯಲ್ಲೇ ಕಟ್ಟು ಹಾಕುವವರು ಏನನ್ನು ಕೊಳ್ಳಬೇಕೆಂದು ಕೇಳಿದರೆ, ಉದ್ದನೆಯ ಅಲ್ಯುಮಿನಿಯಂ ಹಳಿಗೆ ಸಿಕ್ಕಿಕೊಂಡು ಜಾರುವ ಕೈ ಕಟರನ್ನೇ ಕೊಳ್ಳಿ ಎನ್ನುತ್ತೇನೆ. ಅದು ಕೈಸೇರುವ ಮೊದಲು ಪೇಪರ್ ಕಟರು, ಹಳಿಯಿಲ್ಲದ ಅಗ್ಗದ ಓರೆ ಕಟರು, ನಮ್ಮ ಬಡಾವಣೆಯ ಫ್ರೇಮ್ ಅಂಗಡಿ, ಈ ಮೂರನ್ನೂ ನೋಡಿಯಾಗಿತ್ತು.

ಪೇಪರ್ ಕಟರು ಮತ್ತು ಉಕ್ಕಿನ ಸ್ಕೇಲಿನಿಂದ ನೇರ ಅಂಚು ಚೆನ್ನಾಗಿಯೇ ಬರುತ್ತದೆ; ಆದರೆ 45 ಡಿಗ್ರಿ ಓರೆಯಲ್ಲಿ ಕೊಯ್ದಾಗ ಚಿತ್ರದ ಸುತ್ತ ಕಾಣುವ ಬಿಳಿಯ ಗೆರೆ ಬರುವುದಿಲ್ಲ.

ಹಳಿಯಿಲ್ಲದ ಓರೆ ಕಟರು ಆ ಗೆರೆಯನ್ನೇನೋ ಕೊಡುತ್ತದೆ. ಒಂದು ಕೈ ಸ್ಕೇಲನ್ನು ಅದುಮಿ ಹಿಡಿದಿರಬೇಕು, ಇನ್ನೊಂದು ಕೈ ಕಟರನ್ನು ಒತ್ತುತ್ತಲೇ ಸ್ಕೇಲಿಗೆ ಆನಿಸಿ ಎಳೆಯಬೇಕು. ಬ್ಲೇಡು ಓರೆಯಾಗಿರುವುದರಿಂದ ಒತ್ತಿದಷ್ಟೂ ಅದು ಪಕ್ಕಕ್ಕೆ ಸರಿಯಲು ನೋಡುತ್ತದೆ. ಉದ್ದನೆಯ ಬದಿಯ ನಡುವೆ ಗೆರೆ ಸ್ವಲ್ಪ ಡೊಂಕಾದರೂ ಇಡೀ ಬೋರ್ಡು ರದ್ದಿಗೆ ಹೋಗುತ್ತದೆ. ಹಳಿಯ ಕಟರಿನಲ್ಲಿ ಈ ಕಾಟವೇ ಇಲ್ಲ.

ಆದರೆ ಮೂಲೆಗಳ ತಲೆನೋವನ್ನು ಹಳಿಯೂ ಪೂರ್ತಿ ಬಗೆಹರಿಸುವುದಿಲ್ಲ, ಮತ್ತು ಈ ಕೆಲಸದಲ್ಲಿ ಹೆಚ್ಚು ತಾಳ್ಮೆ ಕೆಡಿಸುವುದು ಅದೇ. ಕೊಯ್ಯುವುದು ಬೋರ್ಡಿನ ಹಿಂಬದಿಯಿಂದ. ಸಾಮಾನ್ಯ ಬೋರ್ಡಿನ ದಪ್ಪ ಸುಮಾರು 1.4 ಮಿ.ಮೀ.; ಬ್ಲೇಡು 45 ಡಿಗ್ರಿಯಲ್ಲಿ ಹೊರಕ್ಕೆ ವಾಲಿ ಇಳಿಯುವುದರಿಂದ ಮುಂಬದಿಯ ಗೆರೆ ಹಿಂಬದಿಯ ಪೆನ್ಸಿಲ್ ಗೆರೆಗಿಂತ ಅಷ್ಟೇ ದೂರ ಹೊರಗೆ ಬೀಳುತ್ತದೆ. ಪೆನ್ಸಿಲ್ ಗೆರೆಗಳು ಕೂಡುವಲ್ಲಿಗೇ ಕೊಯ್ತ ನಿಲ್ಲಿಸಿದರೆ ಮುಂಬದಿಯ ಮೂಲೆ ಬಿಡಿಸಿಕೊಳ್ಳುವುದಿಲ್ಲ. ಆ ದಪ್ಪಕ್ಕಿಂತ ಹೆಚ್ಚು ಮುಂದೆ ಹೋದರೆ ಮೂಲೆಯಾಚೆ ಬ್ಲೇಡಿನ ಗೀರು ಎದ್ದು ಕಾಣುತ್ತದೆ. ಹಾಗಾಗಿ ಪೆನ್ಸಿಲ್ ಗೆರೆಗಳನ್ನು ಮೂಲೆ ದಾಟಿಸಿ ಉದ್ದಕ್ಕೆ ಎಳೆದುಕೊಂಡು, ಕಟರಿನ ಮೇಲಿನ ಗುರುತು ಅಡ್ಡಗೆರೆಗೆ ಬಂದಾಗ ನಿಲ್ಲಿಸುವುದೇ ಸರಿ.

ಇನ್ನೊಂದು ಕಿರುಕುಳವೆಂದರೆ, ಕೊಯ್ತದ ಮೊದಲ ಕೆಲವು ಮಿಲಿಮೀಟರುಗಳಲ್ಲಿ ಅಂಚು ಕೊಕ್ಕೆಯಂತೆ ಬಾಗುವುದು. ಬ್ಲೇಡು ಅಗತ್ಯಕ್ಕಿಂತ ಹೊರಗೆ ಚಾಚಿಕೊಂಡಿದ್ದರೆ ಅದರ ತುದಿ ಬಳುಕಿ ಹೀಗಾಗುತ್ತದೆ. ಕೆಳಗೆ ಹಳೆಯ ಬೋರ್ಡಿನ ತುಂಡೊಂದನ್ನು ಹಾಸಿ, ಅದರ ಮೇಲೆ ಬರೀ ಗೀರು ಮೂಡುವಷ್ಟು ಆಳಕ್ಕೆ ಬ್ಲೇಡನ್ನು ಹೊಂದಿಸಿದ ಮೇಲೆ ನನಗೆ ಈ ತೊಂದರೆ ಬಹಳ ಕಡಿಮೆಯಾಯಿತು. ಹಾಸಿದ ತುಂಡನ್ನು ಪ್ರತಿ ಕೊಯ್ತಕ್ಕೂ ಸ್ವಲ್ಪ ಸರಿಸಬೇಕು, ಇಲ್ಲವಾದರೆ ಬ್ಲೇಡು ಹಳೆಯ ಗೀರಿನ ಜಾಡು ಹಿಡಿಯುತ್ತದೆ. ಒಳತುಂಡು ಮೂಲೆಯಲ್ಲಿ ಅಂಟಿಕೊಂಡಿದ್ದರೆ ಕೀಳಬಾರದು. ಶೇವಿಂಗ್ ಬ್ಲೇಡಿನ ಮೂಲೆಯನ್ನು ಅದೇ ಓರೆಯಲ್ಲಿ ತೂರಿಸಿ ಬಿಡಿಸಬೇಕು. ಬ್ಲೇಡಿನ ವಿಷಯದಲ್ಲಿ ಜಿಪುಣತನ ಸಲ್ಲದು. ಮೊಂಡಾದದ್ದು ಕಾಗದವನ್ನು ಕೊಯ್ಯದೆ ಹರಿಯುತ್ತದೆ.

ಫ್ರೇಮ್ ಅಂಗಡಿಯವರ ಮೂಲೆಗಳು ನನ್ನವಕ್ಕಿಂತ ಚೆಂದವೆಂಬುದನ್ನು ಒಪ್ಪಲೇಬೇಕು. ಆದರೆ ಬೋರ್ಡನ್ನು ನಾವೇ ಒಯ್ಯದಿದ್ದರೆ ಅವರಲ್ಲಿರುವುದನ್ನೇ ಹಾಕುತ್ತಾರೆ. ಆಮ್ಲದ ಅಂಶವಿರುವ ಅಗ್ಗದ ಬೋರ್ಡು ವರ್ಷಗಳು ಕಳೆದಂತೆ ಕಿಂಡಿಯ ಅಂಚಿನುದ್ದಕ್ಕೂ ಚಿತ್ರದ ಕಾಗದದ ಮೇಲೆ ಕಂದು ಗೆರೆ ಮೂಡಿಸುತ್ತದೆ.

ಮೇಜಿನ ಮೇಲೆ ಕೂರುವ ದೊಡ್ಡ ಯಂತ್ರ ಚಿತ್ರ ಮಾರುವವರಿಗೆ ಸರಿ, ನನ್ನ ಬಜೆಟ್ಟಿಗೂ ಮನೆಗೂ ಅಲ್ಲ. ರಜೆಯ ದಿನ ಊಟದ ಮೇಜಿನ ಮೇಲೆ ಹಳಿ ಹರಡಿಕೊಂಡು ಒಂದೆರಡು ಚಿತ್ರ ಮುಗಿಸುವ ನನಗೆ, ಕೆಲಸವಾದೊಡನೆ ಬೀರುವಿನ ಹಿಂದೆ ನಿಲ್ಲಿಸಿಡಬಹುದಾದ ಈ ಕಟರು ಸಾಕು. ಅಂಡಾಕಾರದ ಕಿಂಡಿ ಬೇಕಾದಾಗ ಮಾತ್ರ ಆಮ್ಲರಹಿತ ಬೋರ್ಡನ್ನು ಕೈಯಲ್ಲಿ ಹಿಡಿದು ಅಂಗಡಿಗೇ ಹೋಗುತ್ತೇನೆ.