ಬೆಂಗಳೂರು ಎಫ್‌ಸಿ ದಾಖಲೆ ಇಡಲು ಯಾವುದು ವಾಸಿ: ನೋಟ್‌ಬುಕ್ಕೋ, ಎಕ್ಸೆಲ್ಲೋ, ವಿಕಿಪೀಡಿಯವೋ?

ಮಂಗಳೂರು, ಉಡುಪಿಯಲ್ಲಿ ಕೂತು ಬೆಂಗಳೂರು ಎಫ್‌ಸಿ ಫುಟ್‌ಬಾಲ್ ಕ್ಲಬ್ಬಿನ ಪಂದ್ಯಗಳ ಲೆಕ್ಕ ಇಡುವವರಿಗೆ ಮೂರು ದಾರಿ ಇವೆ. ಉದ್ದ ನೋಟ್‌ಬುಕ್, ಎಕ್ಸೆಲ್ ಶೀಟು, ಇಲ್ಲವೇ ವಿಕಿಪೀಡಿಯದ ಸೀಸನ್ ಪುಟಗಳನ್ನೇ ನಂಬುವುದು. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ಎಕ್ಸೆಲ್‌ಗೆ. ಷರತ್ತು ಒಂದೇ: ಒಂದು ಪಂದ್ಯಕ್ಕೆ ಒಂದು ಸಾಲು, ಮೊತ್ತವನ್ನು ಕೈಯಿಂದ ಬರೆಯಲೇಬಾರದು.

ಪಂದ್ಯ ನಡೆಯುತ್ತಿರುವಾಗ ಮಾತ್ರ ನೋಟ್‌ಬುಕ್ಕಿಗೆ ಸಾಟಿಯಿಲ್ಲ. ಗೋಲಿನ ನಿಮಿಷ, ಯಾರ ಬದಲು ಯಾರು ಬಂದರು, ಕಾರ್ಡು ಯಾರಿಗೆ ಎಂಬುದನ್ನೆಲ್ಲ ಟಿವಿಯಿಂದ ಕಣ್ಣು ತೆಗೆಯದೆ ಗೀಚಿಕೊಳ್ಳಬಹುದು. ಬಾಲ್ ಪೆನ್ನನ್ನೇ ಬಳಸಿ. ಆಟಿಯ (ಜುಲೈ–ಆಗಸ್ಟ್) ಮಳೆಗೆ ಕಾಗದ ಥಂಡಿ ಹಿಡಿದರೆ ಜೆಲ್ ಪೆನ್ನಿನ ಶಾಯಿ ಹರಡಿ 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಮೇ ಮುಗಿಯುವುದರೊಳಗೆ ಪುಟಗಳ ಫೋಟೋ ತೆಗೆದಿಡುವುದು ಒಳ್ಳೆಯದು. ನೋಟ್‌ಬುಕ್ಕಿನ ನಿಜವಾದ ತೊಂದರೆ ‘ಮುಂದಕ್ಕೆ ತಂದ’ ಮೊತ್ತ. ಒಬ್ಬನ ಹೆಸರಲ್ಲಿದ್ದ ಗೋಲು ಆಮೇಲೆ ಸ್ವಂತ ಗೋಲು (ಎದುರಾಳಿ ತನ್ನದೇ ಬಲೆಗೆ ಹೊಡೆದದ್ದು) ಎಂದು ಬದಲಾದರೆ, ಅಲ್ಲಿಂದ ಮುಂದಿನ ಪುಟಗಳನ್ನೆಲ್ಲ ತಿದ್ದಬೇಕು.

ವಿಕಿಪೀಡಿಯ ತಾಳೆ ನೋಡುವುದಕ್ಕೆ ಸಾಕು. ಪಂದ್ಯದ ಚೌಕಗಳು ಚೆನ್ನಾಗಿರುತ್ತವೆ, ಕೆಳಗಿನ ಆಟಗಾರರ ಪಟ್ಟಿ ಎಷ್ಟೋ ಸಲ ಹಿಂದೆ ಬಿದ್ದಿರುತ್ತದೆ. ಆಟಗಾರರ ಗೋಲುಗಳಿಗೆ ಎದುರಾಳಿಯ ಸ್ವಂತ ಗೋಲುಗಳನ್ನು ಸೇರಿಸಿ ಕೂಡಿ. ತಂಡದ ಗೋಲುಗಳಿಗೆ ಸರಿಹೋಗದಿದ್ದರೆ ಆ ಪಟ್ಟಿಯನ್ನು ಬಿಟ್ಟುಬಿಡಿ.

ಇನ್ನು ಎಕ್ಸೆಲ್. ಸ್ಕೋರನ್ನು ಒಂದೇ ಕಾಲಂನಲ್ಲಿ 2-1 ಎಂದು ಹೊಡೆದರೆ ಅದು ದಿನಾಂಕವಾಗಿ, ಜನವರಿ 2 ಎಂದು ಕೂತುಬಿಡುತ್ತದೆ. 3-0 ಮಾತ್ರ ಹಾಗೇ ಉಳಿಯುತ್ತದೆ, ಏಕೆಂದರೆ ಸೊನ್ನೆಯ ತಿಂಗಳು ಇಲ್ಲ. ಹೀಗೆ ಅರ್ಧ ಕಾಲಂ ಹಾಳಾದದ್ದು ಸುಲಭಕ್ಕೆ ಕಣ್ಣಿಗೂ ಬೀಳುವುದಿಲ್ಲ. ಹೊಡೆದ ಗೋಲು, ಬಿಟ್ಟ ಗೋಲು ಎಂದು ಎರಡು ಕಾಲಂ ಮಾಡಿ. ಪಂದ್ಯ ಮುಗಿದದ್ದು 90 ನಿಮಿಷಕ್ಕೋ 120ಕ್ಕೋ ಎಂಬುದಕ್ಕೆ ಒಂದು, ಪೆನಾಲ್ಟಿ ಶೂಟೌಟ್‌ಗೆ ಬೇರೆಯೇ ಎರಡು.

ಶೂಟೌಟ್ ಯಾಕೆ ಬೇರೆ ಎಂಬುದಕ್ಕೆ 2023ರ ಮಾರ್ಚ್ ತಿಂಗಳನ್ನೇ ನೋಡಿ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ, ತವರು ಮೈದಾನ ಕಂಠೀರವದಲ್ಲಿ, ಮುಂಬೈ ಸಿಟಿ ವಿರುದ್ಧ ಸ್ಕೋರು 1–2. ಎರಡೂ ಪಂದ್ಯ ಸೇರಿ 2–2 ಆಗಿ, ಶೂಟೌಟ್‌ನಲ್ಲಿ 9–8ರಿಂದ ಗೆದ್ದು ಬೆಂಗಳೂರು ಫೈನಲ್ ಸೇರಿತು. ದಾಖಲೆಯಲ್ಲಿ ಅದು ಸೋಲೇ! ಗೋವಾದ ಫಟೋರ್ಡಾದಲ್ಲಿ ನಡೆದ ಫೈನಲ್ 2–2 ಡ್ರಾ, ಎಟಿಕೆ ಮೋಹನ್ ಬಗಾನ್‌ಗೆ ಶೂಟೌಟ್ 4–3. 2019ರ ಫೈನಲ್ ಹಾಗಲ್ಲ. ಗೋವಾ ವಿರುದ್ಧ 117ನೇ ನಿಮಿಷಕ್ಕೆ ರಾಹುಲ್ ಭೇಕೆ ಹೊಡೆದ ಹೆಡರ್ ಹೆಚ್ಚುವರಿ ಸಮಯದ್ದು, ಆದ್ದರಿಂದ 1–0 ಗೆಲುವು.

ಸೀಸನ್‌ಗೂ ಎರಡು ಕಾಲಂ ಬೇಕು: ಟೂರ್ನಿಯದ್ದು ಒಂದು, ಕ್ಲಬ್ಬಿನದ್ದು ಒಂದು. 2016ರ ಎಎಫ್‌ಸಿ ಕಪ್‌ನ (ಏಷ್ಯಾದ ಕ್ಲಬ್ಬುಗಳ ಟೂರ್ನಿ) ಗುಂಪು ಹಂತ ನಡೆದದ್ದು ಆಶ್ಲಿ ವೆಸ್ಟ್‌ವುಡ್ ಕೋಚ್ ಆಗಿದ್ದಾಗ, 2015–16ರ ಸೀಸನ್ನಿನಲ್ಲಿ. ನವೆಂಬರ್ 5ರ ದೋಹಾ ಫೈನಲ್ ಹೊತ್ತಿಗೆ ಆಲ್ಬರ್ಟ್ ರೋಕಾ ಬಂದಾಗಿತ್ತು, ಕ್ಲಬ್ಬಿಗೆ ಮುಂದಿನ ಸೀಸನ್ ಶುರುವಾಗಿತ್ತು. ಒಂದೇ ಕಾಲಂ ಇಟ್ಟರೆ ಯಾವುದೋ ಒಂದು ಲೆಕ್ಕ ತಪ್ಪುತ್ತದೆ. ಮೈದಾನದ ಕಾಲಂನಲ್ಲಿ ತವರು, ಹೊರಗೆ, ತಟಸ್ಥ ಎಂದು ಮೂರು ಗುರುತು ಇರಲಿ. 2020–21ರ ಐಎಸ್‌ಎಲ್ ಪೂರ್ತಿ ಗೋವಾದಲ್ಲೇ ನಡೆದದ್ದು. ಅಲ್ಲಿನ ‘ತವರು’ ಪಂದ್ಯಗಳನ್ನು ಕಂಠೀರವದ ಲೆಕ್ಕಕ್ಕೆ ಸೇರಿಸಬೇಡಿ.

ಎದುರಾಳಿಯ ವಿಷಯ ಇನ್ನೂ ಸೂಕ್ಷ್ಮ. ಅಂದಿನ ಹೆಸರು ಒಂದು ಕಾಲಂ, ಕ್ಲಬ್ಬಿನ ಕೋಡ್ ಇನ್ನೊಂದು. ಡೆಲ್ಲಿ ಡೈನಮೋಸ್ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು, ಹಾಗಾಗಿ ಕೋಡ್ ಒಂದೇ. ಪುಣೆ ಸಿಟಿ ಜಾಗಕ್ಕೆ ಬಂದ ಹೊಸ ಕ್ಲಬ್ ಹೈದರಾಬಾದ್‌ಗೆ ಬೇರೆ ಕೋಡ್. 2020ರವರೆಗಿನ ಕೋಲ್ಕತ್ತದ ಎಟಿಕೆಗೆ ನಾನು ಬೇರೆ ಕೋಡ್ ಕೊಡುತ್ತೇನೆ, ಅದು ಮೋಹನ್ ಬಗಾನ್ ಜೊತೆ ವಿಲೀನವಾದ ನಂತರದ ತಂಡಕ್ಕೆ ಮೋಹನ್ ಬಗಾನ್ ಕೋಡನ್ನೇ. ಆಗ ಒಂದು ಫಿಲ್ಟರ್ ಹಾಕಿದರೆ ಸಾಕು, 2013ರ ಸೆಪ್ಟೆಂಬರ್ 22ರಂದು ಮೋಹನ್ ಬಗಾನ್ ವಿರುದ್ಧ 1–1 ಆದ ಬೆಂಗಳೂರಿನ ಮೊದಲ ಐ-ಲೀಗ್ ಪಂದ್ಯವೂ 2023ರ ಫೈನಲ್ಲೂ ಒಂದೇ ಪಟ್ಟಿಯಲ್ಲಿ ಸಿಗುತ್ತವೆ.