ಸ್ಟ್ರೈಕ್ ಇಲ್ಲ ಅಂತ ನಂಬಿ ಕೂರಬೇಡಿ: ಹಳದಿ ಡಾಲರ್ ಬಗ್ಗೆ ಎಚ್ಚರಿಕೆ

ಯೂಟ್ಯೂಬ್‌ನಲ್ಲಿ ಸುದ್ದಿ, ಆರೋಗ್ಯ, ಯುದ್ಧ, ದೌರ್ಜನ್ಯದ ವಿಷಯ ಎತ್ತಿಕೊಳ್ಳುವವರು ದಯವಿಟ್ಟು ಓದಿ. 'ಯಾವ ನಿಯಮವನ್ನೂ ಮುರಿದಿಲ್ಲ, ಸ್ಟ್ರೈಕ್ (ನಿಯಮ ಮುರಿದದ್ದಕ್ಕೆ ಯೂಟ್ಯೂಬ್ ಕೊಡುವ ಶಿಕ್ಷೆ) ಇಲ್ಲ, ದುಡ್ಡು ಬಂದೇ ಬರುತ್ತೆ' ಅಂತ ನಂಬಬೇಡಿ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಏನು ಹಾಕಬಹುದು, ಏನು ಹಾಕಬಾರದು ಎನ್ನುವ ಸಮುದಾಯ ನಿಯಮ ಬೇರೆ, ಜಾಹೀರಾತಿಗೆ ಒಗ್ಗುತ್ತದೆಯೇ ಎನ್ನುವ ನಿಯಮ ಬೇರೆ. ಮೊದಲನೆಯದನ್ನು ಚಾಚೂ ತಪ್ಪದೆ ಪಾಲಿಸಿದವರೂ ಎರಡನೆಯದರಲ್ಲಿ ಸಿಕ್ಕಿಬೀಳುತ್ತಾರೆ.

ಆಗುವುದು ಹೀಗೆ. ವಿಡಿಯೊ ಹಾಕಿದ್ದೀರಿ, ಪಕ್ಕದಲ್ಲಿ ಹಸಿರು ಡಾಲರ್ ಗುರುತು ಇದೆ, ಅಂದರೆ ಜಾಹೀರಾತು ಪೂರ್ತಿ ಓಡುತ್ತದೆ, ಜನ ನೋಡುತ್ತಿದ್ದಾರೆ. ಸ್ವಲ್ಪ ಹೊತ್ತಿಗೆ ಅದೇ ಡಾಲರ್ ಹಳದಿ, ಅಂದರೆ ಜಾಹೀರಾತು ಕಡಿಮೆ ಇಲ್ಲವೇ ಪೂರ್ತಿ ಬಂದ್! ವಿಡಿಯೊ ತೆಗೆದಿಲ್ಲ, ಸ್ಟ್ರೈಕ್ ಕೊಟ್ಟಿಲ್ಲ. ಎಷ್ಟೋ ಸಲ ಯಾವ ಮಾತು ತಪ್ಪಾಯಿತು ಅಂತಲೂ ಹೇಳುವುದಿಲ್ಲ. ಕೇಳಿದರೆ ಉತ್ತರ ಒಂದೇ: 'ಹೆಚ್ಚಿನ ಜಾಹೀರಾತುದಾರರಿಗೆ ಇದು ಸೂಕ್ತವಲ್ಲ.' ಯಾವ ಜಾಹೀರಾತುದಾರ? ದೂರು ಕೊಟ್ಟವರು ಯಾರು? ಯಾರೂ ಕೊಟ್ಟಿರಬೇಕಾಗಿಲ್ಲ. ಜಾಹೀರಾತುದಾರರು ಓಡಿಹೋದಾರು ಎಂಬ ಭಯಕ್ಕೆ ಯಂತ್ರವೇ ಮುಂಚಿತವಾಗಿ ಜಡಿದ ಬೀಗ ಅದು. ಮನುಷ್ಯರೇ ನೋಡಲಿ ಅಂತ ಮರುಪರಿಶೀಲನೆ ಕೇಳಿದರೆ 7 ದಿನದವರೆಗೂ ಹಿಡಿಯಬಹುದು. ಸುದ್ದಿ ವಿಡಿಯೊಗೆ ಜನ ಬರುವುದೇ ಮೊದಲ ಎರಡು ಮೂರು ದಿನ. ಆಮೇಲೆ ಹಸಿರಾಗಿ ಏನು ಬಂತು? ಹೋದ ದುಡ್ಡು ಹೋಯಿತು.

ಈ ಭಯ ಬಲಿತದ್ದು 2017ರ ಮಾರ್ಚ್‌ನಲ್ಲಿ. ಉಗ್ರವಾದಿ ವಿಡಿಯೊಗಳಲ್ಲಿ ತಮ್ಮ ಜಾಹೀರಾತು ಓಡುತ್ತಿದೆ ಎಂದು ಗೊತ್ತಾಗಿ ದೊಡ್ಡ ಕಂಪನಿಗಳು ಹಣ ನಿಲ್ಲಿಸಿದವು. ಮರುವರ್ಷವೇ ಜಾಹೀರಾತಿನ ದುಡ್ಡು ಬೇಕಾದರೆ 1,000 ಚಂದಾದಾರರು, 4,000 ಗಂಟೆ ವೀಕ್ಷಣೆ ಎಂಬ ಮಿತಿ ಬಂತು; ಏಟು ಬಿದ್ದದ್ದು ಸಣ್ಣ ಚಾನೆಲ್‌ಗಳಿಗೆ. 2019ರ ಫೆಬ್ರವರಿಯಲ್ಲಿ ಮಕ್ಕಳಿರುವ ವಿಡಿಯೊಗಳ ಕೆಳಗಿನ ಹೊಲಸು ಕಾಮೆಂಟುಗಳ ವಿಷಯ ಬಯಲಾಗಿ ಕಂಪನಿಗಳು ಜಾಹೀರಾತು ಹಿಂತೆಗೆದವು, ಅದೇ ತಿಂಗಳು ಅಂಥ ವಿಡಿಯೊಗಳಿಗೆ ಕಾಮೆಂಟ್ ಬಂದ್ ಆಯಿತು. ಆ ಕ್ರಮ ಬೇಕಿತ್ತು, ಸರಿ. ಆದರೆ ಹಣ ನಿಂತ ಮೇಲೆಯೇ ಯಾಕೆ? 2022ರ ನವೆಂಬರ್‌ನಲ್ಲಿ ಬೈಗುಳದ ನಿಯಮ ಬಿಗಿ ಮಾಡಿದಾಗ ಹಳೆಯ ವಿಡಿಯೊಗಳೂ ಹಳದಿಯಾದವು. ಗಲಾಟೆಯಾದ ಮೇಲೆ 2023ರ ಮಾರ್ಚ್‌ನಲ್ಲಿ ಸಡಿಲಿಸಿದರು.

ಹಾಗಾಗಿ, ವಿಡಿಯೊವನ್ನು ನೇರವಾಗಿ ಪಬ್ಲಿಕ್ ಮಾಡಬೇಡಿ. ಪ್ರೈವೇಟ್ ಆಗಿ ಹಾಕಿ, ಯೂಟ್ಯೂಬ್ ತಾನೇ ವಿಡಿಯೊ ತಪಾಸಣೆ ಮಾಡುವ 'ಚೆಕ್ಸ್' ಹಂತ ಮುಗಿಯಲಿ. ಹಳದಿ ಬಂದರೆ ಅಲ್ಲೇ ಮರುಪರಿಶೀಲನೆ ಕೇಳಿ, ಹಸಿರಾದ ಮೇಲೆ ಬಿಡಿ. ವಿಡಿಯೊದಲ್ಲಿ ಏನಿದೆ ಅಂತ ನಿಮ್ಮನ್ನೇ ಕೇಳುವ ಸ್ವಯಂಘೋಷಣೆಯ ಪ್ರಶ್ನೆಗಳಿಗೆ ಇದ್ದದ್ದು ಇದ್ದ ಹಾಗೆ ಉತ್ತರಿಸಿ. ಮುಚ್ಚಿಟ್ಟರೆ ಮುಂದೆ ನಿಮ್ಮ ಉತ್ತರಕ್ಕೆ ಬೆಲೆ ಇರುವುದಿಲ್ಲ. ಶೀರ್ಷಿಕೆ, ಥಂಬ್‌ನೇಲ್‌ಗಳನ್ನೂ ತೂಗಿ ನೋಡುತ್ತಾರೆ, ರಕ್ತ ಕಾಣುವ ಚಿತ್ರ ಅಲ್ಲಿ ಬೇಡ. ಸಿಟ್ಟಿನಲ್ಲಿ ಡಿಲೀಟ್ ಮಾಡಿ ಮತ್ತೆ ಹಾಕಬೇಡಿ, ಅದೇ ಯಂತ್ರ ಅದೇ ಹಳದಿ ಕೊಡುತ್ತದೆ, ಬಂದ ವೀಕ್ಷಣೆಯೂ ಕಳೆದುಹೋಗುತ್ತದೆ.